ದಿನ್ನಿಯ ಮೇಲೆ ಮಾತ್ರ ಚಿತ್ರ ಬರುತ್ತದೆ

ಕಡ್ಲಿಹಾಳ, ಕೊಳಕೂರ ಅಂಚೆ,
ಜೇವರ್ಗಿ ತಾಲೂಕು
9 ಆಗಸ್ಟ್ 1976

ಅಣ್ಣಾರಾಯ,

ನಾನು ಚಂದ್ರಾಮ, ಕೇರಿಯ ಸಾಬಮ್ಮನ ಮಗ. ಏಳನೇ ಕ್ಲಾಸಿನ ತನಕ ನಿನ್ನ ಜೊತೆ ಓದಿದವನು. ನೀನು ಒಳಗೆ ಮಣೆಯ ಮೇಲೆ, ನಾನು ಬಾಗಿಲ ಹತ್ತಿರ ನೆಲದ ಮೇಲೆ. ನಮಸ್ಕಾರ ಗಿಮಸ್ಕಾರ ಬರೆಯುವುದಿಲ್ಲ. ಇನ್‌ಲ್ಯಾಂಡಿನಲ್ಲಿ ಜಾಗ ಕಡಿಮೆ.

ಶಾಲೆಯ ಟಿವಿ ಸತ್ತಿದೆ. ಆಗಸ್ಟ್ ಬಂದಾಗಿನಿಂದ ಹೆಡ್‌ಮಾಸ್ತರು ಸಂಜೆ ಬಾಗಿಲು ತೆಗೆದು ಗುಂಡಿ ತಿರುವುತ್ತಾರೆ. ಗಾಜಿನ ಮೇಲೆ ಜೋಳದ ಹಿಟ್ಟು ಜರಡಿ ಹಿಡಿದಂತೆ ಬಿಳಿ ಉದುರುತ್ತದೆ, ಸುಂಯ್ ಅನ್ನುತ್ತದೆ, ಅಷ್ಟೇ. ನಿಮ್ಮವರು ಒಳಗೆ ಕೂತು ಅದನ್ನೇ ನೋಡುತ್ತಾರೆ. ನಾವು ಬೇಲಿಯ ಹತ್ತಿರ ನಿಂತು ಅದನ್ನೇ ನೋಡುತ್ತೇವೆ.

ಹೋದ ತಿಂಗಳ ಕೊನೆಗೆ ಜೋರು ಗಾಳಿ ಬೀಸಿ ಮಾಳಿಗೆಯ ಮೇಲಿನ ತಂತಿಯ ಛತ್ರಿ ವಾಲಿತ್ತು. ಹೆಡ್‌ಮಾಸ್ತರು "ಹತ್ತೋ ಚಂದ್ರಾಮ" ಅಂದರು. ಹತ್ತಿ ಕಟ್ಟಿದೆ. ಮರುದಿನ ಚಿತ್ರ ಬಂತು. ಅದರ ಮರುದಿನವೂ ಬಂತು. ಆಮೇಲೆ ನಿಂತಿತು. ಈಗ ಊರಲ್ಲಿ ಒಂದೇ ಮಾತು: "ಅವ ಮುಟ್ಟಿದ್ದಕ್ಕ ಹ್ವಾತು ನೋಡ್ರಿ."

ನಿಮ್ಮಪ್ಪ ಬಸವಂತರಾಯ ಗೌಡರು ಮಠದಿಂದ ಅಯ್ಯನವರನ್ನು ಕರೆಸಿದರು. ಅಯ್ಯನವರು ನಿಚ್ಚಣಿಕೆ ಹತ್ತಿ ಛತ್ರಿಗೆ ವಿಭೂತಿ ಬಳಿದು ನೀರು ಚಿಮುಕಿಸಿದರು. ಇಳಿಯುವಾಗ ಧೋತರ ತಂತಿಗೆ ಸಿಕ್ಕಿ ಪರ್ರನೆ ಹರಿಯಿತು. ನಾನು ನಕ್ಕೆ. ನಿಮ್ಮ ಕಾಕಾ ಬಂದು ಕಪಾಳಕ್ಕೆ ಹೊಡೆದ. ಕಿವಿ ಇನ್ನೂ ಸುಂಯ್ ಅನ್ನುತ್ತದೆ, ಆ ಡಬ್ಬಿಯ ಹಾಗೆ.

ನೀನು ಗುಲ್ಬರ್ಗಾದಲ್ಲಿ ಕಾಲೇಜು ಕಲಿಯುತ್ತೀ. ಟಿವಿ ಯಾಕೆ ನಿಂತಿತು ಅಂತ ಕೇಳಿ ತಿಳಿದುಕೊಂಡು ನಿಮ್ಮಪ್ಪನಿಗೆ ಒಂದು ಪತ್ರ ಹಾಕು. ನಾನು ಮುಟ್ಟಿದ್ದಕ್ಕಲ್ಲ ಅಂತ ಬರೆ. ಇಲ್ಲಿ ನನ್ನ ಮಾತು ಯಾವನೂ ಕೇಳುವುದಿಲ್ಲ.

ಚಂದ್ರಾಮ


ಗುಲ್ಬರ್ಗಾ
2 ಸೆಪ್ಟೆಂಬರ್ 1976

ಪ್ರಿಯ ಚಂದ್ರಾಮ,

ನಿನ್ನ ಪತ್ರ ನೋಡಿ ಆಶ್ಚರ್ಯವಾಯಿತು, ಸಂತೋಷವೂ ಆಯಿತು. ಅಕ್ಷರಗಳು ಈಗಲೂ ಗುಂಡಾಗಿವೆ. ನೀನು ಶಾಲೆ ಬಿಡಬಾರದಿತ್ತು.

ನಮ್ಮ ಪ್ರಾಧ್ಯಾಪಕರನ್ನು ಕೇಳಿದೆ. ಇಷ್ಟು ದಿನ ಆಕಾಶದಲ್ಲಿದ್ದ ಒಂದು ಉಪಗ್ರಹದಿಂದ ಚಿತ್ರ ಬರುತ್ತಿತ್ತಂತೆ. ಅದು ಅಮೆರಿಕದವರದು. ಒಂದು ವರ್ಷದ ಮಟ್ಟಿಗೆ ನಮಗೆ ಕೊಟ್ಟಿದ್ದರು. ವರ್ಷ ಮುಗಿಯಿತು, ಅದನ್ನು ಬೇರೆ ಕಡೆಗೆ ಸರಿಸಿಕೊಂಡರು. ಮೊದಲಿನಿಂದಲೂ ಕರಾರು ಹಾಗೆಯೇ ಇತ್ತು. ಇದರಲ್ಲಿ ಯಾರ ಕೈಯೂ ಇಲ್ಲ, ನಿನ್ನದಂತೂ ಇಲ್ಲವೇ ಇಲ್ಲ.

ಸರ್ಕಾರ ಗುಲ್ಬರ್ಗಾದಲ್ಲಿ ಎತ್ತರದ ಟವರ್ ಕಟ್ಟಲಿದೆ. ಆಮೇಲೆ ಊರೂರಿಗೆ ಬಂದು ಪರೀಕ್ಷೆ ಮಾಡುತ್ತಾರೆ. ಟವರಿನ ಅಲೆ ತಲುಪುವ ಊರಿನಲ್ಲಿ ಟಿವಿ ಉಳಿಯುತ್ತದೆ. ತಲುಪದ ಊರಿನದನ್ನು ತೆಗೆದು ತಲುಪುವ ಊರಿಗೆ ಕೊಡುತ್ತಾರೆ.

ಅಪ್ಪನಿಗೆ ಬರೆಯಬೇಕೆಂದಿದ್ದೇನೆ. ಪರೀಕ್ಷೆಗಳು ಮುಗಿಯಲಿ.

ನಿನ್ನ
ಅಣ್ಣಾರಾಯ


ಕಡ್ಲಿಹಾಳ
20 ಅಕ್ಟೋಬರ್ 1977

ಅಣ್ಣಾರಾಯ,

ನಿನ್ನ ಪರೀಕ್ಷೆ ಮುಗಿಯಲೇ ಇಲ್ಲ ಅಂತ ಕಾಣುತ್ತದೆ. ವರ್ಷ ಮೀರಿತು. ಸಣ್ಣ ಹುಡುಗರು ಈಗಲೂ ನನ್ನನ್ನು "ಛತ್ರಿ ಕೆಡಿಸಿದಾಂವ" ಅಂತ ಕರೆಯುತ್ತಾರೆ. ಶಾಲೆ ಬಿಡಬಾರದಿತ್ತು ಅಂತ ಬರೆದಿದ್ದೀ. ನಾನು ಶಾಲೆ ಬಿಟ್ಟದ್ದು ನಿಮ್ಮ ದನ ಕಾಯಲಿಕ್ಕೆ. ನೀನು ಹೆಸರಿಟ್ಟ ಆ ಕೆಂದ ಎತ್ತಿನ ಹಿಂದೆ ನಾಲ್ಕು ವರ್ಷ ತಿರುಗಿದ್ದೇನೆ. ಇನ್ನೊಮ್ಮೆ ಆ ಮಾತು ಬರೆಯಬೇಡ.

ಈಗ ಸುದ್ದಿ ಕೇಳು. ಮೊನ್ನೆ ಸರ್ಕಾರದ ಜೀಪು ಬಂತು. ಒಬ್ಬ ಇಂಜಿನಿಯರು, ಜೊತೆಗೆ ಯಾಕೂಬಸಾಬ ಅನ್ನುವ ಮಿಸ್ತ್ರಿ. ತುಂಡು ತುಂಡು ಕಂಬ ಜೋಡಿಸಿ ಎತ್ತರ ಮಾಡುತ್ತಾರೆ. ತುದಿಗೆ ಮೀನಿನ ಮುಳ್ಳಿನಂಥ ಅಲ್ಯುಮಿನಿಯಂ ಕಡ್ಡಿ. ಶಾಲೆಯ ಟಿವಿಯ ಹೊಟ್ಟೆ ಬಿಚ್ಚಿ ಏನೋ ತೆಗೆದು ಏನೋ ಹಾಕಿದರು. ಗುಂಡಿ ತಿರುವಿದರು. ಹಿಟ್ಟೇ ಉದುರಿತು. ಹನುಮಪ್ಪನ ಗುಡಿಯ ಹತ್ತಿರ ನಿಲ್ಲಿಸಿದರು, ಹಿಟ್ಟು. ನಿಮ್ಮ ವಾಡೆಯ ಮಾಳಿಗೆಯ ಮೇಲೆ ಏರಿಸಿದರು. ಒಂದು ನೆರಳು ಬಂದು ಹೋಯಿತು, ಸತ್ತವರು ಕನಸಿನಲ್ಲಿ ಬಂದ ಹಾಗೆ.

ಇಂಜಿನಿಯರು ಹೇಳಿದ: "ಮೊದಲ ಮ್ಯಾಲಿಂದ ಬರ್ತಿತ್ತು, ಎಲ್ಲಿ ಛತ್ರಿ ಇಟ್ರೂ ಬೀಳ್ತಿತ್ತು. ಈಗ ಗುಲ್ಬರ್ಗಾದ ಕಂಬದಿಂದ ನೆಲದ ಗುಂಟ ಬರ್ತದ. ನಿಮ್ಮೂರು ಹಳ್ಳದ ತಗ್ಗಿನ್ಯಾಗ ಅದ. ತಗ್ಗಿಗಿ ಅದು ಇಳಿಯಂಗಿಲ್ಲ."

ಯಾಕೂಬಸಾಬ ಸುತ್ತ ನೋಡಿದ. "ಸಾಬ್, ಆ ದಿನ್ನಿ ಮ್ಯಾಲೆ ಒಮ್ಮಿ ನೋಡಮು ನಡ್ರಿ."

ನಿಮ್ಮಪ್ಪ ಅಂದ: "ಅಲ್ಲೇನದರಿ, ಬರೀ ಕಲ್ಲು."

"ಕಲ್ಲಲ್ರಿ ಗೌಡ್ರ, ಮನಿ ಕಾಣಾಕತ್ತಾವ."

"ಅವು ಮನಿ ಅಲ್ಲ ತಗೋರಿ. ಕೇರಿ."

ಆದರೂ ಕಂಬ, ಡಬ್ಬಿ ತಗೊಂಡು ಹತ್ತಿದರು. ನಮ್ಮ ಸಮಾಜದ ಕೋಣೆಯ ಮುಂದೆ ಕಂಬ ನಿಲ್ಲಿಸಿದರು. ಬಾವಿಗೆ ನೀರು ಬೀಳುವುದಿಲ್ಲ, ಬೆಳೆ ಬರುವುದಿಲ್ಲ ಅಂತ ಬಿಟ್ಟ ದಿನ್ನಿಯ ಮೇಲೆ ನಮ್ಮ ಮುತ್ತ್ಯಾನವರನ್ನು ನಿಮ್ಮ ಮುತ್ತ್ಯಾನವರು ಇಟ್ಟರು. ಈ ಊರಿಗೆ ಚಿತ್ರ ಬರುವ ಜಾಗ ಅದೊಂದೇ ನೋಡು. ಮೊದಲು ಪಟ್ಟಿ ಪಟ್ಟಿ ಬಂತು, ಆಮೇಲೆ ಒಬ್ಬ ಹೆಂಗಸಿನ ಮುಖ. ಹುಬ್ಬಿನ ಕೂದಲು ಸಹ ಕಾಣುತ್ತಿತ್ತು. ಬೇಲಿಯಿಂದ ನೋಡುವಾಗ ನಮಗೆ ಮುಖಗಳು ನಿಂಬೆಹಣ್ಣಿನಷ್ಟು. ನಮ್ಮವ್ವ ಹತ್ತಿರ ಹೋಗಿ ಗಾಜಿಗೆ ಮುಖ ಹಚ್ಚಿ, "ಅಯ್ಯ ಯವ್ವಾ, ಈಕಿ ಇಷ್ಟು ದೊಡ್ಡಾಕಿ ಅದಾಳೇನೋ!" ಅಂದಳು. ಯಾಕೂಬಸಾಬ ನಕ್ಕು ನಕ್ಕು ಕೆಮ್ಮಿದ.

ಇಂಜಿನಿಯರು ನಿಮ್ಮಪ್ಪನಿಗೆ ಹೇಳಿದ: "ಊರವ್ರು ಒಪ್ಪಿದ್ರ ಡಬ್ಬಿ ಇಲ್ಲೇ ಇಡ್ತೀವ್ರಿ. ಇಲ್ಲಂದ್ರ ನಿಮ್ಮೂರಿಗಿ ಬರಂಗಿಲ್ಲ ಅಂತ ಹಿಡದು ಬ್ಯಾರೆ ಊರಿಗಿ ಕೊಡ್ತೀವಿ. ಮ್ಯಾಲಿನ ಹುಕುಂ ಹಂಗದ." ಹೊಸ ವರ್ಷ ಆದ ಮೇಲೆ ಗುಲ್ಬರ್ಗಾದ ಆಫೀಸಿಗೆ ಬಂದು ತಿಳಿಸಿ ಅಂದ. ಕಂಬ ಅಲ್ಲೇ ಬಿಟ್ಟು, ಡಬ್ಬಿಯನ್ನು ಶಾಲೆಯಲ್ಲಿ ಬೀಗ ಹಾಕಿಸಿ ಹೋದರು.

ನಿಮ್ಮಪ್ಪ "ವಿಚಾರ ಮಾಡ್ತೀವ್ರಿ" ಅಂದ. ಆ ದನಿ ನನಗೆ ಗೊತ್ತು.

ಅವ್ವ ಕೋಣೆ ಸಾರಿಸಿದ್ದಾಳೆ. ಹೊಸ ಚಾಪೆ ಹೆಣೆಯುತ್ತಿದ್ದಾಳೆ, ನಮಗಲ್ಲ, ಬರುವವರಿಗೆ. ನನಗೆ ಬೇಕಾದದ್ದು ಇಷ್ಟೇ, ಅಣ್ಣಾರಾಯ. ಒಂದು ಸಂಜೆ, ಒಂದೇ ಒಂದು ಸಂಜೆ ನಿಮ್ಮಪ್ಪ ಆ ದಿನ್ನಿ ಹತ್ತಿ ಬಂದು ನಮ್ಮ ಅಂಗಳದಲ್ಲಿ ಕೂಡಬೇಕು. ಮಾತಾಡುವುದು ಬೇಡ. ಟಿವಿ ನೋಡಿ ಎದ್ದು ಹೋಗಲಿ. ಬಸವ ಜಯಂತಿಗೆ ಕಟ್ಟೆಯ ಮೇಲೆ ನಿಂತು ಎಲ್ಲರೂ ಒಂದೇ ಅಂತ ಅಷ್ಟೊತ್ತು ಹೇಳುತ್ತಾನಲ್ಲ, ಅಷ್ಟೊತ್ತು ಕೂತರೆ ಸಾಕು.

ಆಫೀಸು ನಿನ್ನ ಕಾಲೇಜಿನ ಹತ್ತಿರವೇ ಇದೆಯಂತೆ. ಹೋಗಿ ಹೇಳು: ದಿನ್ನಿಯ ಮೇಲೆ ಬರುತ್ತದೆ, ಅಲ್ಲೇ ಇಡಿ. ಗೌಡರ ಮಗ ಹೇಳಿದರೆ ನಡೆಯುತ್ತದೆ.

ಚಂದ್ರಾಮ


ಗುಲ್ಬರ್ಗಾ
18 ನವೆಂಬರ್ 1977

ಪ್ರಿಯ ಚಂದ್ರಾಮ,

ನಿನ್ನ ಸಂತೋಷ ನನಗೂ ಅರ್ಥವಾಗುತ್ತದೆ. ಆದರೆ ಸ್ವಲ್ಪ ತಾಳ್ಮೆ ಬೇಕು. ಅಪ್ಪ ಕೆಟ್ಟವರಲ್ಲ. ಅವರೊಬ್ಬರೇ ಅಲ್ಲವಲ್ಲ, ನಾಲ್ಕು ಜನರ ಮುಖ ನೋಡಬೇಕಾಗುತ್ತದೆ.

ನನಗೊಂದು ಯೋಚನೆ ಬಂದಿದೆ. ದಿನ್ನಿಯ ಮೇಲೆಯೇ ಇರಲಿ, ಆದರೆ ಕೇರಿಯೊಳಗೆ ಬೇಡ. ಆ ಕಡೆಯ ಇಳಿಜಾರಿನಲ್ಲಿ ಒಂದು ಶೆಡ್ ಹಾಕಿದರೆ? ಊರವರಿಗೆ ಹಳ್ಳದ ಕಡೆಯಿಂದ ಬೇರೆ ದಾರಿ. ನಡುವೆ ಒಂದು ಗಿಡ್ಡ ಗೋಡೆ, ಅದರ ಈಚೆಗೆ ನೀವು. ಎಲ್ಲರಿಗೂ ಕಾಣುತ್ತದೆ, ಯಾರಿಗೂ ಮುಜುಗರವಿಲ್ಲ. ನೀನೇ ಮುಂದೆ ನಿಂತು ಇದನ್ನು ಹೇಳಿದರೆ ಅಪ್ಪ ಒಪ್ಪಬಹುದು.

ಆಫೀಸಿಗೆ ಹೋಗಿದ್ದೆ. ಸಾಹೇಬರು ರಜೆಯಲ್ಲಿದ್ದರು.

ನಿನ್ನ
ಅಣ್ಣಾರಾಯ


ಕಡ್ಲಿಹಾಳ
16 ಜನವರಿ 1978

ಅಣ್ಣಾರಾಯ,

ನಿನ್ನ ಗೋಡೆಯ ಮಾತನ್ನು ಓದಿ ಎರಡು ತಿಂಗಳು ಬರೆಯಲಿಲ್ಲ. ಬರೆದಿದ್ದರೆ ಬೈಗಳೇ ಬರುತ್ತಿದ್ದವು. ನಮ್ಮ ಮನೆಯ ಮುಂದೆ ನಾನೇ ಗೋಡೆ ಕಟ್ಟಿಕೊಳ್ಳಬೇಕೇನಲೇ? ಅದಕ್ಕೆ ಮಣ್ಣು ಹೊರುವವರು ಯಾರು ಅಂತಲೂ ಬರೆಯಬೇಕಿತ್ತು. ನಾವೇ ತಾನೇ?

ಸಂಕ್ರಾಂತಿಯ ಮುಂಚೆ ನಿಮ್ಮ ವಾಡೆಯ ಮುಂದೆ ಪಂಚಾಯ್ತಿ ಸೇರಿತು. ನಾನು, ಕೇರಿಯ ಹಿರಿಯ ಸೈದಪ್ಪ ಮುತ್ತ್ಯಾ, ಇನ್ನೂ ಕೆಲವರು ಕೆಳಗೆ ನಿಂತಿದ್ದೆವು. ನಿಮ್ಮಪ್ಪ ಅಂದ: "ಹಂಗಾದ್ರ ದಿನಾ ಸಂಜಿಮುಂದ ಹೆಂಡ್ರು ಮಕ್ಕಳನ್ನ ಕರ್ಕೊಂಡು ನಾವು ಕೇರಿ ಹತ್ತಬೇಕೇನು?"

ನಿಮ್ಮ ಕಾಕಾ: "ಆ ಡಬ್ಬಿ ಇಲ್ಲದ ಕಾಲದಾಗ ಮಳಿ ಬರ್ತಿದ್ದಿಲ್ಲೇನು? ಹೋಗ್ಲಿ ಬಿಡ್ರಿ ಅತ್ಲಾಗ."

ನಾನು ಅಂದೆ: "ಗೌಡ್ರ, ಒಂದಿನ ಬಂದು ಕುಂತು ನೋಡ್ರಿ. ಹೊಸಾ ಚಾಪಿ ಹಾಸ್ತೀವಿ."

"ಯಾರು ಹೆಣದ ಚಾಪಿಲೇ ಅದು?" ಅಂದ ನಿಮ್ಮ ಕಾಕಾ. ಎಲ್ಲರೂ ನಕ್ಕರು.

ಆಗ ಬಾಗಿಲ ಹಿಂದಿನಿಂದ ನಿಮ್ಮವ್ವ ಕಸ್ತೂರಿಬಾಯಿಯ ದನಿ ಬಂತು. "ನಾ ಹೋಗ್ತೀನಿ. ಚಾಪಿ ಮ್ಯಾಲೆ ಕುಂದ್ರಾಕ ಮೊಣಕಾಲ ನೋವು ನನಗ. ಒಂದು ಕುರ್ಚಿ ಒಯ್ದ್ರ ಸಾಕು."

ನಗು ನಿಂತಿತು. ನಿಮ್ಮಪ್ಪ ತಿರುಗಿ ನೋಡಲಿಲ್ಲ. "ಒಳಗ ನಡಿ" ಅಂದ. ನಿಮ್ಮವ್ವ ಒಳಗೆ ಹೋದಳು. ಆಕೆಯ ಮುಖ ನಾನು ನೋಡಿದೆ. ನೀನು ನೋಡಬೇಕಿತ್ತು.

ಅದರ ಮರುದಿನದಿಂದ ನಮಗೆ ಕೆಲಸವಿಲ್ಲ. ಹೊಲದಲ್ಲಿ ಜೋಳ ಬಿಳುಪಾಗಿ ನಿಂತಿದೆ. ಕೀಳಲು ಅಫಜಲಪುರದ ಕಡೆಯಿಂದ ಟ್ರ್ಯಾಕ್ಟರಿನಲ್ಲಿ ಆಳು ತಂದಿದ್ದಾರೆ. ಕೇರಿಯವರು ದಿನ್ನಿಯ ಮೇಲೆ ಕೂತು, ತಾವು ಬಿತ್ತಿದ ಜೋಳ ಬೇರೆಯವರು ಕೀಳುವುದನ್ನು ನೋಡುತ್ತಾರೆ. ಸೈದಪ್ಪ ಮುತ್ತ್ಯಾ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಮೊನ್ನೆ ಹಾದು ಹೋಗುವಾಗ ಆ ಕಂಬಕ್ಕೆ ಉಗುಳಿದ. ಅವ್ವನ ಚಾಪೆ ಅರ್ಧಕ್ಕೆ ನಿಂತಿದೆ.

ಈ ವಾರವೋ ಬರುವ ವಾರವೋ ನಿಮ್ಮಪ್ಪ ಆಫೀಸಿಗೆ ಬರುತ್ತಾನೆ, ನಮ್ಮೂರಿಗೆ ಚಿತ್ರ ಬರುವುದಿಲ್ಲ ಅಂತ ಹೇಳಲಿಕ್ಕೆ. ನೀನು ಅದಕ್ಕಿಂತ ಮುಂಚೆ ಹೋಗು. ಇಲ್ಲದಿದ್ದರೆ ಜೊತೆಗೇ ಹೋಗು. ದಿನ್ನಿಯ ಮೇಲೆ ಬರುತ್ತದೆ ಅನ್ನು. ಬೇರೆ ಏನೂ ಹೇಳಬೇಡ. ಸರ್ಕಾರದವರು ತಾವೇ ಅಲ್ಲಿ ಇಟ್ಟರೆ ನಿಮ್ಮವರ ಸಿಟ್ಟು ಸರ್ಕಾರದ ಮೇಲೆ ಹೋಗುತ್ತದೆ, ನಮ್ಮ ಮೇಲಲ್ಲ. ನಮಗೆ ಕೆಲಸವೂ ಸಿಗುತ್ತದೆ. ಉಳಿದದ್ದು ಆ ದಾರಿ ಒಂದೇ.

ಚಂದ್ರಾಮ


ಗುಲ್ಬರ್ಗಾ
8 ಫೆಬ್ರವರಿ 1978

ಪ್ರಿಯ ಚಂದ್ರಾಮ,

ಈ ಪತ್ರವನ್ನು ಹಲವು ಸಲ ಬರೆದು ಹರಿದಿದ್ದೇನೆ.

ಹೋದ ವಾರ ಅಪ್ಪ ಬಂದಿದ್ದರು. ಅವರ ಜೊತೆ ಆಫೀಸಿಗೆ ಹೋದೆ. ನಿಮ್ಮಲ್ಲಿಗೆ ಬಂದಿದ್ದ ಇಂಜಿನಿಯರಿಗೆ ವರ್ಗವಾಗಿದೆ. ಹೊಸಬರಿಗೆ ನಮ್ಮೂರಿನ ವಿಷಯ ಗೊತ್ತಿಲ್ಲ. ಅಪ್ಪ, "ನಮ್ಮೂರಾಗ ಬರಂಗಿಲ್ರಿ, ಒಯ್ದುಬಿಡ್ರಿ" ಎಂದರು. ಆ ಸಾಹೇಬರು ನನ್ನ ಕಡೆ ತಿರುಗಿ, "ನೀವು ಓದಿದವರು. ನೀವು ಹೇಳಿ. ಶಾಲೆಯಲ್ಲಿ ಚಿತ್ರ ಬರುತ್ತದೆಯೇ?" ಎಂದು ಕೇಳಿದರು.

ಇಲ್ಲ ಎಂದೆ.

ಅದು ಸುಳ್ಳಲ್ಲ, ಚಂದ್ರಾಮ. ಶಾಲೆಯಲ್ಲಿ ಬರುವುದಿಲ್ಲವೆಂದು ನೀನೇ ಬರೆದಿದ್ದೀ. ದಿನ್ನಿಯ ಬಗ್ಗೆ ಅವರು ಕೇಳಲಿಲ್ಲ. ಕೇಳುತ್ತಾರೆಂದು ಕಾದೆ. ಅಷ್ಟರಲ್ಲಿ ಚಹಾ ಬಂತು, ಮಾತು ಬೇರೆ ಕಡೆಗೆ ಹೋಯಿತು.

ಹೊರಗೆ ಬಂದ ಮೇಲೆ ಅಪ್ಪ ನನ್ನ ಹೆಗಲ ಮೇಲೆ ಕೈ ಹಾಕಿದರು. ದೊಡ್ಡವನಾದ ಮೇಲೆ ಅವರು ಹಾಗೆ ಮಾಡಿದ್ದು ಅದೇ ಮೊದಲು.

ನಿನಗಾಗಿ ಒಂದು ಕೆಲಸ ವಿಚಾರಿಸಿದ್ದೇನೆ. ಟವರಿನ ಕಾಂಪೌಂಡಿಗೆ ಕಾವಲುಗಾರ ಬೇಕಂತೆ. ಬರುತ್ತೀಯಾದರೆ ಬರೆ.

ಅಣ್ಣಾರಾಯ


ಕಡ್ಲಿಹಾಳ
12 ಮಾರ್ಚ್ 1978

ಅಣ್ಣಾರಾಯ,

ಕಾವಲುಗಾರನ ಕೆಲಸವನ್ನು ನಿನ್ನ ಹತ್ತಿರವೇ ಇಟ್ಟುಕೋ.

ಶಿವರಾತ್ರಿಗಿಂತ ಮುಂಚೆ ಜೀಪು ಬಂತು. ಡಬ್ಬಿ ಭಾರ. ಶಾಲೆಯಿಂದ ಜೀಪಿನ ತನಕ ಹೊರಲು ನಿಮ್ಮಪ್ಪ ಕೇರಿಯವರನ್ನೇ ಕರೆಸಿದ. ಅವತ್ತು ಮುಟ್ಟಬಹುದಿತ್ತು. ಯಾರಿಗೂ ಮೈಲಿಗೆ ಆಗಲಿಲ್ಲ. ಸೈದಪ್ಪ ಮುತ್ತ್ಯಾ ಮುಂದೆ ಹಿಡಿದ, ಇನ್ನಿಬ್ಬರು ಹಿಂದೆ. ನಿಮ್ಮ ಕಾಕಾ ಪಕ್ಕದಲ್ಲಿ ನಡೆಯುತ್ತ, "ಹಗೂರ್ಕ, ಹಗೂರ್ಕ" ಅನ್ನುತ್ತಿದ್ದ, ಹೆಣ ಒಯ್ಯುವಾಗ ಅನ್ನುತ್ತಾರಲ್ಲ ಹಾಗೆ.

ಕಂಬ ಕೀಳಬೇಕಿತ್ತು. ಅದಕ್ಕೆ ನಾನು ಬೆನ್ನು ಕೊಟ್ಟು ನಿಂತೆ. "ಯಾರರೇ ಮುಟ್ರಿ ನೋಡ್ತೀನಿ" ಅಂದೆ. ಕೇರಿಯ ಗಂಡಸರು ಯಾರೂ ಮುಂದೆ ಬರಲಿಲ್ಲ. ಅವ್ವ ಬಂದಳು. ಕೈಯಲ್ಲಿ ಹಾರೆ.

"ಅತ್ಲಾಗ ಸರಿ ಯಪ್ಪಾ."

"ಯವ್ವಾ, ನೀನೇನಬೇ?"

"ಒಂದಿನ ಅವ್ರು ಬಂದು ನಮ್ಮ ಅಂಗಳದಾಗ ಕುಂತಿದ್ರ ಏನಾಗ್ತಿತ್ತೋ? ಮರುದಿನ ನಾನೇ ಹೋಗಿ ಅವ್ರ ಅಂಗಳ ಬಳೀಬೇಕಿತ್ತು. ಸರಿ."

ನಾನು ಸರಿಯಲಿಲ್ಲ. ಆಕೆ ನನ್ನ ಕಾಲ ನಡುವೆ ಹಾರೆ ಇಳಿಸಿ ಅಗೆದಳು. ಕಂಬ ವಾಲಿತು, ನನ್ನ ಹೆಗಲಿಗೆ ಬಡಿಯಿತು. ಆಮೇಲೆ ಆಕೆಯೇ ಹೆಗಲಿಗೆ ಅರಿಶಿನ ಹಚ್ಚಿದಳು. ಮರುದಿನ ಬೆಳಿಗ್ಗೆ ಉಳಿದ ಜೋಳ ಕೀಳಲು ನಿಮ್ಮ ಹೊಲಕ್ಕೆ ಕರೆ ಬಂತು. ಕೇರಿ ಎಲ್ಲಾ ಹೋಯಿತು. ಅವ್ವನೂ ಹೋದಳು.

ಡಬ್ಬಿಯನ್ನು ಅಫಜಲಪುರ ತಾಲೂಕಿನ ಗೊಬ್ಬೂರಕ್ಕೆ ಕೊಟ್ಟರು ಅಂತ ಯಾಕೂಬಸಾಬ ಹೇಳಿ ಹೋಗಿದ್ದ. ಮೊನ್ನೆ ನಾನು ಅಲ್ಲಿಗೆ ಹೋದೆ. ಭೀಮೆಯಲ್ಲಿ ಈಗ ಮೊಣಕಾಲು ನೀರು, ನಡೆದು ದಾಟಿದೆ. ಒಗೆದ ಅಂಗಿ ಹಾಕಿದ್ದೆ, ಕೊರಳಿನ ಗುಂಡಿ ತನಕ ಹಾಕಿದ್ದೆ. ದಾರಿಯಲ್ಲಿ ಒಂದು ಗುಡಿಯಲ್ಲಿ ವಿಭೂತಿ ಇತ್ತು, ಹಣೆಗೆ ಬಳಿದುಕೊಂಡೆ. ಯಾಕೆ ಅಂತ ಆಗ ಗೊತ್ತಿರಲಿಲ್ಲ. ಗೊತ್ತಿತ್ತು.

ಚಾವಡಿಯಲ್ಲಿ ಅದೇ ಡಬ್ಬಿ. ಪಕ್ಕದ ಗೀರು ಸಹ ಹಾಗೇ ಇದೆ. ಒಬ್ಬ ಹಿರಿಯರು ಕೇಳಿದರು: "ಯಾವೂರ್ರಿ ತಮ್ದು?"

"ಕಡ್ಲಿಹಾಳ್ರಿ."

"ಯಾರ ಪೈಕಿ?"

"ಬಸವಂತರಾಯ ಗೌಡ್ರ ಮಗ್ರಿ. ಅಣ್ಣಾರಾಯ."

ನಿನ್ನ ಹೆಸರು ಇಷ್ಟು ಸಲೀಸಾಗಿ ಬಾಯಿಂದ ಬರುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ. ಅವರ ಹೆಸರು ಜಗದೇವಪ್ಪ. "ಅರೆ, ನಮ್ಮ ಬಸವಂತರಾಯರ ಮಗನೇನ್ರಿ! ಏ, ಜಾಗಾ ಬಿಡ್ರೋ" ಅಂತ ಎಲ್ಲರಿಗಿಂತ ಮುಂದೆ ಜಮಖಾನೆಯ ಮೇಲೆ ಕೂಡಿಸಿದರು. ಹಿತ್ತಾಳೆಯ ತಂಬಿಗೆಯಲ್ಲಿ ನೀರು ಕೊಟ್ಟರು. ಕುಡಿದೆ. "ಅಪ್ಪಾರು ಆರಾಮದಾರೇನ್ರಿ?" ಅಂದರು. "ಆರಾಮದಾರ್ರಿ" ಅಂದೆ. ಊಟಕ್ಕೆ ಮನೆಗೆ ನಡೆಯಿರಿ ಅಂತ ಕೈ ಹಿಡಿದರು. ಊಟಕ್ಕೆ ಕೂತರೆ ಕೊರಳಿನ ಲಿಂಗ ಕೈಗೆ ತೆಗೆಯಬೇಕಲ್ಲ, ನನ್ನ ಕೊರಳಲ್ಲಿ ಅದು ಎಲ್ಲಿಂದ ಬರಬೇಕು? ಬಸ್ಸು ತಪ್ಪುತ್ತದೆ ಅಂತ ಹೇಳಿ ತಪ್ಪಿಸಿಕೊಂಡೆ.

ಟಿವಿ ಹಚ್ಚಿದರು. ಮುಖಗಳು ದೊಡ್ಡವು, ಸ್ವಚ್ಛ. ಯಾರೋ ಗೊಬ್ಬರದ ಬಗ್ಗೆ ಹೇಳುತ್ತಿದ್ದರು. ನನಗೆ ಏನೂ ಕೇಳಿಸಲಿಲ್ಲ, ಕಿವಿ ಎಲ್ಲಾ ಹಿಂದಿನ ಕಡೆಗಿತ್ತು. ಚಾವಡಿಯ ಹೊರಗೆ, ಕಂಬದ ಆಚೆ, ಅವರ ಕೇರಿಯವರು ನಿಂತಿದ್ದರು. ಬರುವಾಗಲೇ ನೋಡಿದ್ದೆ. ಒಂದು ಸಣ್ಣ ಹುಡುಗಿ ಅಲ್ಲಿಂದ ಅಳುತ್ತಿತ್ತು. "ಯವ್ವಾ, ಆ ಅಣ್ಣನ ತಲಿ ಅಡ್ಡ ಬರ್ತದ, ಕಾಣಂಗಿಲ್ಲ." ಅದರ ತಾಯಿ, "ಸುಮ್ಮನಿರು, ಗೌಡ್ರು ಅವ್ರು" ಅಂದಳು.

ನಾನು ತಲೆ ಸರಿಸಲಿಲ್ಲ, ಅಣ್ಣಾರಾಯ. ಸರಿಸಿದರೆ ಗೊತ್ತಾಗುತ್ತದೆ ಅನ್ನಿಸಿತು. ಟಿವಿ ಮುಗಿಯುವ ತನಕ ಹಾಗೇ ಕೂತಿದ್ದೆ, ಆ ಹುಡುಗಿ ಅಳುವ ತನಕ ಅತ್ತು ಸುಮ್ಮನಾಯಿತು.

ಎದ್ದು ಬರುವಾಗ ಜಗದೇವಪ್ಪ ಹೇಳಿದರು: "ಹುಣ್ಣಿಮಿಗಿ ಗಾಣಗಾಪುರಕ್ಕ ಹೊಂಟೀನಿ. ಅಪ್ಪಾರೂ ಬರ್ತಾರಲ್ಲ, ಅಲ್ಲೇ ಭೆಟ್ಟಿ ಆಗ್ತೀನಿ. ನಿಮ್ಮ ಮಗ ನಮ್ಮೂರಿಗಿ ಬಂದಿದ್ದ, ಭಾಳ ನಮ್ರ ಹುಡುಗ ಅಂತ ಹೇಳ್ತೀನಿ."

ಹೇಳುತ್ತಾರೆ. ಹುಣ್ಣಿಮೆ ದೂರವಿಲ್ಲ. ನಿಮ್ಮಪ್ಪ ಗುಲ್ಬರ್ಗಾಕ್ಕೆ ಬಂದು ಗೊಬ್ಬೂರಕ್ಕೆ ಹೋಗಿದ್ದೆಯಾ ಅಂತ ನಿನ್ನನ್ನು ಕೇಳುತ್ತಾನೆ. ನೀನು ಇಲ್ಲ ಅಂದರೆ, ಹಾಗಾದರೆ ಯಾರು ಅಂತ ಯೋಚಿಸುತ್ತಾನೆ. ಅವನಿಗೆ ತಿಳಿಯಲು ಬಹಳ ಹೊತ್ತು ಬೇಕಾಗುವುದಿಲ್ಲ. ಗೌಡರ ಹೆಸರು ಹೇಳಿ ಜಮಖಾನೆಯ ಮೇಲೆ ಕೂತವನಿಗೆ, ಅವರ ತಂಬಿಗೆಯಲ್ಲಿ ನೀರು ಕುಡಿದವನಿಗೆ ಏನು ಮಾಡುತ್ತಾರೆ ಅಂತ ನಾನು ನಿನಗೆ ಹೇಳಬೇಕಾಗಿಲ್ಲ. ನಾನು ಎಲ್ಲಿಗಾದರೂ ಓಡಿ ಹೋಗಬಹುದು. ಅವ್ವ ಓಡಲಾರಳು. ಆಕೆ ಇರುವುದು ಆ ದಿನ್ನಿಯ ಮೇಲೆ, ಎಲ್ಲರ ಕಣ್ಣಿಗೆ ಕಾಣುವ ಜಾಗದಲ್ಲಿ.

ಕೇಳಿದರೆ ಹೌದು, ಹೋಗಿದ್ದೆ ಅನ್ನು. ನಿನಗೆ ನಿಜ ಹೇಳಿ ರೂಢಿ ಅಂತ ಗೊತ್ತು. ಈ ಸಲ ಸುಳ್ಳು ಹೇಳು.

ಚಂದ್ರಾಮ